ಸೆರಗಿನ ಗಂಟಿನಲ್ಲಿದ್ದ ಗುಳಿಗೆ

ನನಗೆ ಅಕ್ಷರ ಕಲಿಸಿದವರು ನನ್ನ ಗಂಡನ ಅಕ್ಕ. ನಾನೂ ಅವರನ್ನು ಅಕ್ಕ ಎಂದೇ ಕರೆದೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಅವರನ್ನು ಮಣ್ಣು ಮಾಡಿ ಬಂದ ಮೇಲೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗಿದೆ. ಮಧ್ಯಾಹ್ನ ಊಟವಾಗಿ ಪಡಸಾಲೆಯ ಕಂಬಕ್ಕೆ ಒರಗಿ ಕೂತರೆ ಕೈ ಏನನ್ನಾದರೂ ಹುಡುಕುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಬಗ್ಗೆ ಊರಿನಲ್ಲಿ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಾರೆ. ನಾನು ಹೇಳಬೇಕಾದದ್ದು ಅವರು ಕದ್ದ ಒಂದು ಸಂಗತಿ. ಅದನ್ನು ಬಿಟ್ಟು ಬರೆದರೆ ಅವರ ದೊಡ್ಡತನ ಅರ್ಧವೇ ಬರೆದಂತಾಗುತ್ತದೆ.

ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತು. ಅಂಕಲಗಿಯಿಂದ ಮದುವೆಯಾಗಿ ನಾನು ಮೂಡಲಗಿಗೆ ಬಂದಾಗ ಅಕ್ಕ ಆ ಮನೆಗೆ ಮರಳಿ ಬಂದಿದ್ದರು. ಅವರ ಗಂಡ ಕಾಲರಾದಲ್ಲಿ ಹೋಗಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ದಮ್ಮಿನ ರೋಗಿಯಾದ ಅತ್ತೆ, ಎಣ್ಣೆ ಬೆಲ್ಲದ ಅಂಗಡಿ ಇಟ್ಟಿದ್ದ ನನ್ನ ಗಂಡ, ಅಕ್ಕ ಮತ್ತು ನಾನು. ಅಷ್ಟೇ ಜನ.

ಅಕ್ಕನನ್ನು ಉಡಿಕೆ ಮಾಡಿಕೊಡಬೇಕೆಂದು, ಅಂದರೆ ಎರಡನೆಯ ಮದುವೆ ಮಾಡಬೇಕೆಂದು, ನಾಗನೂರಿನಿಂದ ಮಾತು ಬಂದಿತ್ತು. ಗಂಡು ಹೊಲಮನೆಯುಳ್ಳ ದೊಡ್ಡ ಮನುಷ್ಯ, ಹೆಂಡತಿ ತೀರಿಕೊಂಡವನು. ನನ್ನ ಗಂಡನಿಗೆ ಮನಸ್ಸಿತ್ತು. ಅಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದರು.

"ಆತನ ಹಿರೇ ಮಗಾ ನನ್ನ ವಾರಿಗಿಯವ ಅದಾನಂತಲ್ಲೋ. ಅವಂಗ ನಾ ಅವ್ವಾ ಆಗಬೇಕೋ, ಗೆಣತಿ ಆಗಬೇಕೋ? ಅದನ್ನಷ್ಟು ಕೇಳ್ಕೊಂಡ ಬಾ."

"ನಗಚಾಟಕಿ ಬ್ಯಾಡಬೇ ಅಕ್ಕಾ. ನಾಳೆ ಅವ್ವ ಹೋದ್ರ ನಿನಗ ಯಾರದಾರ?"

"ಸಾಲಿ ಐತಿ. ನಾ ಮುಲ್ಕಿ ಕುಂದರ್ತೇನಿ. ಬ್ಯಾಸಗಿ ಮುಂದ ಗೋಕಾಕದಾಗ ಪರೀಕ್ಷೆ ಐತಿ. ಪಾಸಾದ್ರ ಮಾಸ್ತರ್ತಿ ಆಗ್ತೇನಿ, ನನ್ನ ಪಾಡಿಗೆ ನನ್ನ ಬಿಡು. ಆಗಲಿಲ್ಲಂದ್ರ ನಾಗನೂರಿಗೆ ನಾನ ಬುತ್ತಿ ಕಟಗೊಂಡು ಹೊಕ್ಕೇನಿ."

ಏಳನೆಯ ಇಯತ್ತೆಯ ಆ ಮುಲ್ಕಿ ಪರೀಕ್ಷೆ ಪಾಸಾದವರಿಗೆ ಆಗ ಸಾಲಿಯಲ್ಲಿ ನೌಕರಿ ಸಿಗುತ್ತಿತ್ತು. ಅಕ್ಕ ಮದುವೆಗೆ ಮೊದಲು ನಾಲ್ಕನೆಯದನ್ನು ಮುಗಿಸಿದ್ದರು. ಉಳಿದದ್ದನ್ನು ಮನೆಯಲ್ಲಿ ಕೂತು ಓದಬೇಕಾಗಿತ್ತು. ನನ್ನ ಗಂಡ ಅಂಗಡಿಗೆ ಹೊರಟು ನಿಂತು, "ಆತು. ಈ ಬ್ಯಾಸಗಿತನಕ" ಎಂದರು. ಅಕ್ಕನ ಬದುಕು ಆ ಒಂದು ಮಾತಿನ ಮೇಲೆ ನಿಂತಿತು.

ಓದಲು ಹೊತ್ತು ಮಾತ್ರ ಇರಲಿಲ್ಲ. ತವರಿಗೆ ಬಂದು ಕೂತ ಹೆಣ್ಣುಮಗಳು ಯಾರ ಬಾಯಿಗೂ ಬೀಳಬಾರದೆಂದು ಅಕ್ಕ ಮನೆಯ ಭಾರದ ಕೆಲಸವನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡಿದ್ದರು. ನಸುಕಿನಲ್ಲೇ ಎದ್ದು ಜೋಳ ಬೀಸುವುದು, ನೀರು ತರುವುದು, ಎಮ್ಮೆಯ ಚಾಕರಿ. ನಾನು ಬಸುರಿ ಎಂದು ಬೀಸುವ ಕಲ್ಲಿನ ಹತ್ತಿರ ಬರಗೊಡುತ್ತಿರಲಿಲ್ಲ. ಹಿಟ್ಟಿನ ಗಿರಣಿ ಊರಿಗೆ ಬಂದು ವರ್ಷವಾಗಿತ್ತು, ಆದರೆ ಅತ್ತೆ ಅದರ ಹೆಸರು ಎತ್ತಿದರೂ ಮುಖ ತಿರುಗಿಸುತ್ತಿದ್ದರು. "ಎಣ್ಣಿ ವಾಸನಿ ಹೊಡಿತೈತಿ. ಅದು ಸತ್ತ ಹಿಟ್ಟು. ಅದರ ರೊಟ್ಟಿ ತಿನ್ನೂದಕ್ಕಿಂತ ಉಪಾಸ ಇರ್ತೇನಿ" ಎನ್ನುತ್ತಿದ್ದರು. ಮನೆಯಲ್ಲಿ ಬೀಸಿದ ಹಿಟ್ಟಿನ ರೊಟ್ಟಿ ಬಿಟ್ಟರೆ ಅವರಿಗೆ ಜಗತ್ತಿನಲ್ಲಿ ಬೇರೆ ಆಸೆಯೇ ಇರಲಿಲ್ಲ.

ಅಕ್ಕ ಬೀಸುತ್ತಲೇ ಓದಿದರು. ಬೀಸುವ ಪದದ ಧಾಟಿಗೆ ನದಿಗಳ ಹೆಸರು ಕೂಡಿಸಿಕೊಂಡಿದ್ದರು. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಎಂದು ಕಲ್ಲು ತಿರುಗುತ್ತಿತ್ತು. ಕೃಷ್ಣೆ ಬರುವಾಗ ರಾಗ ಎಳೆಯುತ್ತಿತ್ತು. ನಾನು ಹಾಸಿಗೆಯಲ್ಲೇ ಆ ನದಿಗಳನ್ನು ಕಲಿತೆ. ಆದರೆ ಗಣಿತ ಹಾಡಿಗೆ ಬರುವುದಿಲ್ಲ. ದೀಪದ ಮುಂದೆ ಗಣಿತ ಹಿಡಿದು ಕೂತರೆ ಅವರ ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಜಡೆಯನ್ನು ಗೂಟಕ್ಕೆ ಕಟ್ಟಿಕೊಂಡು ನೋಡಿದರು. ಕಣ್ಣಿಗೆ ನೀರು ಹಾಕಿಕೊಂಡು ನೋಡಿದರು. ಒಂದು ಸಲ ಬೀಸುವ ಕಲ್ಲಿನ ಗೂಟ ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಹಣೆಗೆ ಹಿಟ್ಟು ಹತ್ತಿ, ವಿಭೂತಿ ಯಾವುದು ಹಿಟ್ಟು ಯಾವುದು ತಿಳಿಯುವಂತಿರಲಿಲ್ಲ.

ಆ ಚಳಿಗಾಲ ಅತ್ತೆಯ ದಮ್ಮು ಹೆಚ್ಚಾಯಿತು. ಅವರನ್ನು ಬಸ್ಸಿನಲ್ಲಿ ಗೋಕಾಕದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರರು ಎದೆಗೆ ನಳಿಗೆ ಇಟ್ಟು ನೋಡಿ ಚೀಟಿ ಬರೆದುಕೊಟ್ಟರು. ಸಣ್ಣ ಬಿಳಿ ಗುಳಿಗೆ, ಕಂದು ಬಾಟಲಿಯಲ್ಲಿ. ಅಕ್ಕನನ್ನು ಹತ್ತಿರ ಕರೆದು ಹೇಳಿದರು.

"ಉಸರಿನ ದಾರಿ ಬಿಚ್ಚತೈತಿ ಇದು. ಆದ್ರ ನಿದ್ದಿ ಕೆಡಸತೈತಿ, ಎದಿ ಹೊಡಕೋತೈತಿ. ಸಂಜಿ ಮ್ಯಾಲ ಕೊಡಬ್ಯಾಡ್ರಿ. ಮತ್ತ ಇದು ಇವರಿಗೆ ಬರದದ್ದು, ಇವರಿಗಷ್ಟ."

ಅಕ್ಕ ತಲೆಯಾಡಿಸಿದರು. ನಿದ್ದೆ ಕೆಡಿಸುತ್ತದೆ ಎಂಬ ಮಾತು ನನ್ನ ಒಂದು ಕಿವಿಯಿಂದ ಇನ್ನೊಂದಕ್ಕೆ ಹೋಯಿತು. ಅವರ ಕಿವಿಯಲ್ಲಿ ನಿಂತುಬಿಟ್ಟಿತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಸ್ನಾನ ಮಾಡಿ ಲಿಂಗಪೂಜೆಯಾಗದೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಊಟದ ಮೊದಲ ತುತ್ತನ್ನು ಅಂಗೈಯ ಲಿಂಗಕ್ಕೆ ತೋರಿಸಿಯೇ ತಿನ್ನಬೇಕು. ಅತ್ತೆ ಗುಳಿಗೆಯನ್ನೂ ಹಾಗೆಯೇ ತೋರಿಸುತ್ತಿದ್ದರು. ನನ್ನ ಗಂಡ ಕೆಣಕುತ್ತಿದ್ದರು.

"ಲಿಂಗಪ್ಪಗೂ ದಮ್ಮ ಹತ್ತೈತೇನಬೇ ಯವ್ವಾ?"

"ಅಂವಗ ಹತ್ತಿಲ್ಲೋ ಹುಚ್ಚಪ್ಪಾ. ಅಂವಗ ಗೊತ್ತಿರಲಿ ಅಂತ. ಅಂವಗ ತೋರಸಾಕ ಬಾರದ್ದು ಬಾಯಾಗ ಹಾಕಬಾರದು."

ಶಿವರಾತ್ರಿ ಕಳೆಯುವ ಹೊತ್ತಿಗೆ ಅಕ್ಕ ಬೇರೆಯೇ ಮನುಷ್ಯರಾದರು. ನಿದ್ದೆ ಎಂಬುದು ಅವರನ್ನು ಬಿಟ್ಟು ಹೋಗಿತ್ತು. ಹಗಲೆಲ್ಲ ಕೆಲಸ, ರಾತ್ರಿಯೆಲ್ಲ ಓದು, ನಸುಕಿಗೆ ಮತ್ತೆ ಬೀಸುವುದು. ತಪ್ಪುತ್ತಿದ್ದ ಲೆಕ್ಕಗಳು ಸರಿಯಾಗತೊಡಗಿದವು. ಪುಸ್ತಕ ಕೊಡುತ್ತಿದ್ದ ಸಾಲಿಯ ಮಾಸ್ತರರು ಅಂಗಡಿಗೆ ಬಂದು, "ನಿಮ್ಮ ಅಕ್ಕನ್ನ ನೋಡಿ ನಮ್ಮ ಹುಡುಗೂರು ನಾಚಬೇಕ್ರಿ" ಎಂದು ಹೇಳಿ ಹೋದರು. ಅತ್ತೆಗೆ ಹೆಮ್ಮೆಯೋ ಹೆಮ್ಮೆ. ನನಗೂ ಹಾಗೆಯೇ. ಅಂಥ ಹೆಣ್ಣುಮಗಳನ್ನು ನಾನು ಕಂಡಿರಲಿಲ್ಲ.

ಆಮೇಲೆ ಬೇರೆ ಸಂಗತಿಗಳೂ ಕಾಣತೊಡಗಿದವು. ಅರ್ಧ ರೊಟ್ಟಿ ತಿಂದು ಏಳುತ್ತಿದ್ದರು. ತುಟಿ ಒಣಗಿರುತ್ತಿತ್ತು. ತಿಕ್ಕಿದ ಕೊಡವನ್ನೇ ಮತ್ತೆ ತಿಕ್ಕುತ್ತಿದ್ದರು. ಕೈ ಸಣ್ಣಗೆ ನಡುಗುತ್ತಿತ್ತು. ಬಡಿದ ರೊಟ್ಟಿ ಹಂಚಿಗೆ ಹೋಗುವ ಮೊದಲೇ ಹರಿಯುತ್ತಿತ್ತು. ಎಂದೂ ಯಾರಿಗೂ ಎದುರು ಮಾತಾಡದವರು ಬಾಜೂ ಮನೆಯ ಅಜ್ಜಿಯ ಮೇಲೆ ಒಂದು ಕೋಳಿಯ ಸಲುವಾಗಿ ಕೂಗಾಡಿ, ಆಮೇಲೆ ತಾವೇ ಹೋಗಿ ಕಾಲು ಹಿಡಿದು ಬಂದರು. ಇನ್ನೊಂದು ಕಡೆ ಅತ್ತೆಯ ಬಾಟಲಿ ಬೇಗ ಬೇಗ ಖಾಲಿಯಾಗುತ್ತಿತ್ತು. ಗೋಕಾಕದ ಕಂಪೌಂಡರ ಕಡಿಮೆ ಹಾಕಿದ್ದಾನೆ ಎಂದೇ ಅತ್ತೆಯ ತೀರ್ಮಾನ. "ಅವನ ಕೈಯಾಗ ಹಿಟ್ಟಿನ ಸೇರು ಕೊಟ್ರ ಊರ ಉಪಾಸ ಬೀಳ್ತಿತ್ತು" ಎಂದು ಬೈಯುತ್ತಿದ್ದರು. ಅಕ್ಕ ಆಗ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಅಂಥವರ ಮೇಲೆ ಸಂಶಯ ಬರುವುದಾದರೂ ಹೇಗೆ?

ಪರೀಕ್ಷೆ ಹತ್ತಿರ ಬಂತು. ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಬಾಜೂ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಏನ ಮಗಳನ್ನ ಹಡದಿಯವ್ವಾ! ನಿದ್ದೀನ ಗೆದ್ದಾಳಲ್ಲ! ಕಣ್ಣ ನೋಡು, ಪಣತಿ ಉರಧಂಗ ಉರಿಯಾಕತ್ತಾವ."

ಅಜ್ಜಿ ಹೋದದ್ದೇ ತಡ, ಅತ್ತೆ ಎದ್ದರು. ಕೈ ನಡುಗುವುದು, ಊಟ ಸೇರದಿರುವುದು, ಕಣ್ಣು ಉರಿಯುವುದು, ಎಲ್ಲಕ್ಕೂ ಅವರಿಗೆ ಕಾರಣ ಸಿಕ್ಕಿತ್ತು. "ದೃಷ್ಟಿ ಆಗೈತಿ ನನ್ನ ಮಗಳಿಗೆ. ಊರ ಕಣ್ಣೆಲ್ಲಾ ಈಕಿ ಮ್ಯಾಲೈತಿ. ಬಾ, ಕುಂದರ ಇಲ್ಲೆ."

"ಬ್ಯಾಡಬೇ ಯವ್ವಾ. ನನಗೇನಾಗಿಲ್ಲ."

"ಆದವ್ರು ಹಂಗ ಅಂತಾರ. ಕುಂದರ."

ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಅಕ್ಕನಿಗೆ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲವೆಂದರೆ ದೃಷ್ಟಿ ಆಗಿದೆ ಎಂದು ಅರ್ಥ, ಬಂದರೆ ಆಗಿಲ್ಲ. ಎಲ್ಲ ಮನೆಯಲ್ಲೂ ಹೀಗೇ ನೋಡುತ್ತಾರೆ. ಒಲೆ ಆರುವ ಹಾಗಿತ್ತು, ಘಾಟು ಬರಲಿಲ್ಲ. "ನೋಡ್ರಿ, ನಾ ಹೇಳಲಿಲ್ಲೇನ" ಎನ್ನುತ್ತ ಅತ್ತೆ ಇನ್ನೊಂದು ಮುಷ್ಟಿ ಮೆಣಸಿನಕಾಯಿ ಹಾಕಿದರು. ಖಾತ್ರಿ ಮಾಡಿಕೊಳ್ಳಲು ಒಲೆಯ ಬಾಯಿಗೆ ಮುಖವಿಟ್ಟು ಉಸಿರು ಎಳೆದರು. ಆಗಲೇ ಬೆಂಕಿ ಹತ್ತಿತು.

ಮನೆ ತುಂಬ ಘಾಟು. ನಾನು ಕೆಮ್ಮುತ್ತ ಹೊರಗೆ ಓಡಿದೆ. ಅಕ್ಕ ಅತ್ತೆಯನ್ನು ಎರಡೂ ರಟ್ಟೆ ಹಿಡಿದು ಪಡಸಾಲೆಗೆ ಎಳೆದು ತಂದರು. ಅತ್ತೆಯ ಉಸಿರು ಒಳಗೆ ಹೋಗುತ್ತಿರಲಿಲ್ಲ. ಎದೆಯಲ್ಲಿ ಸೀಟಿ ಊದಿದ ಹಾಗೆ ಸದ್ದು. ತುಟಿ ನೀಲಿಯಾಗತೊಡಗಿತು. ನನ್ನ ಗಂಡ ಅಂಗಡಿಯಿಂದ ಓಡಿ ಬಂದು ಗೋಡೆಯ ಮಾಡದಿಂದ ಬಾಟಲಿ ತೆಗೆದರು. ಅಲುಗಾಡಿಸಿದರು. ಬೋರಲು ಹಾಕಿದರು. ಏನೂ ಇರಲಿಲ್ಲ.

"ಮೊನ್ನಿ ತಂದೇನಲ್ಲ! ಎಲ್ಲಿ ಹೋದುವು? ಈಗ ಗೋಕಾಕಕ್ಕ ಬಸ್ಸೂ ಇಲ್ಲ!"

ಅಕ್ಕ ಅತ್ತೆಯ ಬೆನ್ನು ನೀವುತ್ತಿದ್ದವರು ಕೈ ನಿಲ್ಲಿಸಿದರು. ಸೆರಗಿನ ತುದಿಯನ್ನು ಮುಂದೆ ಎಳೆದುಕೊಂಡರು. ಅಲ್ಲೊಂದು ಸಣ್ಣ ಗಂಟು. ಗಂಟು ಬೆರಳಿಗೆ ಬಿಚ್ಚಲಿಲ್ಲ. ಹಲ್ಲಿನಿಂದ ಬಿಚ್ಚಿದರು. ಅದರಲ್ಲಿ ಬಿಳಿ ಗುಳಿಗೆಗಳಿದ್ದವು. ಗೋಕಾಕದಲ್ಲಿ ಪರೀಕ್ಷೆ ಬರೆಯುವ ದಿನಗಳಿಗೆಂದು ತೆಗೆದಿಟ್ಟವು.

ನನ್ನ ಗಂಡ ಗುಳಿಗೆಗಳನ್ನು ನೋಡಿದರು, ಅಕ್ಕನನ್ನು ನೋಡಿದರು, ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ನೋಡಿದರು. ಅಕ್ಕ ಒಂದನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದರು. ಅತ್ತೆ ಬಾಯಿ ತೆರೆಯಲಿಲ್ಲ. ತಲೆ ಅಲ್ಲಾಡಿಸಿದರು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆಯಲು ಕೈ ಹಾಕಿದರು, ಆಗಲಿಲ್ಲ. ನಾನು ತೆಗೆದು ಅವರ ಅಂಗೈಯಲ್ಲಿಟ್ಟೆ. ಒಂದೊಂದು ಮಾತಿಗೂ ಉಸಿರು ಹುಡುಕುತ್ತ ಅವರು ಮಗಳಿಗೆ ಹೇಳಿದರು.

"ತೋರಿಸು... ನೀನ... ತೋರಿಸು."

ಅಕ್ಕ ಅಲ್ಲಿಯವರೆಗೆ ಆ ಗುಳಿಗೆಯನ್ನು ಒಂದು ದಿನವೂ ಲಿಂಗಕ್ಕೆ ತೋರಿಸಿರಲಿಲ್ಲ. ಪೂಜೆಗೆ ಮೊದಲೇ ಹಿತ್ತಲಲ್ಲಿ ನಿಂತು, ಮುಖ ಬೇರೆ ಕಡೆ ಮಾಡಿ ನುಂಗುತ್ತಿದ್ದರಂತೆ. ನೀರಿನ ಗುಟುಕನ್ನೂ ತೋರಿಸದೆ ಕುಡಿಯದವರು. ಅದನ್ನು ಆಮೇಲೆ ಅವರೇ ನನಗೆ ಹೇಳಿದರು. ಆ ಸಂಜೆ ತಮ್ಮನ ಎದುರು, ನನ್ನ ಎದುರು, ಆ ಗುಳಿಗೆಯನ್ನು ಎರಡು ಬೆರಳಲ್ಲಿ ಹಿಡಿದು ತಾಯಿಯ ಅಂಗೈಯ ಲಿಂಗಕ್ಕೆ ತೋರಿಸಿದರು. ಕಣ್ಣು ತಗ್ಗಿಸಲಿಲ್ಲ. ಆಮೇಲೆ ತಾಯಿಯ ಬಾಯಿಗೆ ಹಾಕಿದರು. ನನ್ನ ಜೀವಮಾನದಲ್ಲಿ ನಾನು ಕಂಡ ಧೈರ್ಯದಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಸುಮ್ಮನೆ ಸೆರಗು ಹೊದ್ದು ಕೂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಬೈಗುಳವೆಲ್ಲ ಕಂಪೌಂಡರನಿಗೇ ಹೋಗುತ್ತಿತ್ತು.

ಅತ್ತೆಯ ಎದೆಯ ಸೀಟಿ ನಿಧಾನಕ್ಕೆ ಇಳಿಯಿತು. ಗೋಡೆಗೆ ಒರಗಿ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಿದ್ದರು. ನನ್ನ ಗಂಡನೇ ಮೊದಲು ಬಾಯಿ ತೆರೆದರು.

"ಅವ್ವನ ಉಸರಿಗೆ ಕೈ ಹಾಕಿದಿಯಲ್ಲ ಅಕ್ಕಾ. ನಾಗನೂರಿನವರಿಗೆ ನಾಳೇನ ಹೇಳಿ ಕಳಸ್ತೇನಿ."

"ಹೇಳು" ಎಂದರು ಅಕ್ಕ. ಅಷ್ಟೇ. ಒಂದು ಸಮಜಾಯಿಷಿ ಇಲ್ಲ.

ಅತ್ತೆ ಕಣ್ಣು ತೆರೆಯದೆ ಹೇಳಿದರು. "ನೀ ಸುಮ್ಮನಿರೋ. ಏನವ್ವಾ, ಯಾಕ ತಗೊಂಡಿ?"

"ನಿದ್ದಿ ಬರ್ತಿತ್ತಬೇ."

"ನಿದ್ದಿ ಯಾಕ ಬರ್ತಿತ್ತು?"

ಅತ್ತೆ ಕಣ್ಣು ತೆರೆದು ಮೂಲೆಯ ಬೀಸುವ ಕಲ್ಲನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

"ನಾಳಿಂದ ಜ್ವಾಳ ಗಿರಣಿಗೆ ಹಾಕು."

"ನೀ ತಿನ್ನೂದಿಲ್ಲಲ್ಲಬೇ?"

"ತಿಂತೇನಿ. ನನ್ನ ಉಸರ ತಗೊಂಡ ಓದ್ಯಾಳ ಈಕಿ. ಈಗ ಪಾಸಾಗದ ಇದ್ರ ಹೆಂಗ?"

ಆ ಮಾತಿಗೆ ಅಕ್ಕ ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಅತ್ತವರು ಹಾಗೇ ಗೋಡೆಯ ಕಡೆ ಹೊರಳಿ ಮಲಗಿದರು. ಮರುದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ಗಂಟಿನಲ್ಲಿ ಉಳಿದ ಗುಳಿಗೆಗಳನ್ನು ಬಾಟಲಿಗೆ ಹಾಕಿ ಅತ್ತೆಯ ತಲೆದಿಂಬಿನ ಹತ್ತಿರ ಇಟ್ಟಿದ್ದರು.

ಪರೀಕ್ಷೆಗೆ ಹೋದಾಗ ಅವರ ಮೈಯಲ್ಲಿ ಇನ್ನೂ ಆ ದಿನಗಳ ನಿದ್ದೆಯ ಬಾಕಿ ಇತ್ತು. ಕನ್ನಡ, ಇತಿಹಾಸ, ಭೂಗೋಳ ದಾಟಿದರು. ಭೂಗೋಳದಲ್ಲಿ ನದಿ ಕೇಳಿದ್ದರಂತೆ. ತುಟಿಯಲ್ಲೇ ಹಾಡಿಕೊಂಡು ಬರೆದರಂತೆ. ಗಣಿತದ ದಿನ ತೂಕಡಿಸಿದರು. ಫಲಿತಾಂಶ ಬಂದಾಗ ಗಣಿತ ಹೋಗಿತ್ತು. ನಾಗನೂರಿನ ಹಿರಿಯರು ಅದೇ ವಾರ ಬಂದು ಪಡಸಾಲೆಯಲ್ಲಿ ಕೂತರು. ಅಕ್ಕ ಕೊಟ್ಟ ಮಾತಿಗೆ ತಪ್ಪುವವರಲ್ಲ. ಒಳಗೆ ಸೀರೆ ಬದಲಿಸಿ ನಿಂತಿದ್ದರು. ನನ್ನ ಗಂಡ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದರು. ಅತ್ತೆ ಗಿರಣಿ ಹಿಟ್ಟಿನ ರೊಟ್ಟಿ ತಿನ್ನುತ್ತ ಕೂತಲ್ಲಿಂದಲೇ ಹೇಳಿದರು.

"ಚಾ ಕುಡದ ಹೋಗ್ರಿ ಯಪ್ಪಾ. ನನ್ನ ಮಗಳು ಇನ್ನೊಂದ್ ವರ್ಷ ಓದಾಕಿ ಅದಾಳ. ಮಾತು ಕೊಟ್ಟಾಕಿ ಆಕಿ. ನಾ ಕೊಟ್ಟಿಲ್ಲ."

ಮರುವರ್ಷ ಬೀಸುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಗಣಿತ ನಡೆಯಿತು. ಊಟವಾದ ಕೂಡಲೇ ಅಕ್ಕ ಮಲಗುತ್ತಿದ್ದರು, ನಸುಕಿಗೆ ಎದ್ದು ಕೂರುತ್ತಿದ್ದರು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎದುರು ಕೂರುತ್ತಿದ್ದೆ. ನನಗೆ ಅಕ್ಷರ ಬಂದದ್ದು ಆಗಲೇ. ಆ ಗುಳಿಗೆ ತಿಂದರೆ ಹೇಗಿರುತ್ತಿತ್ತು ಎಂದು ಒಮ್ಮೆ ಕೇಳಿದೆ.

"ಮೊದಲ ದಿನ ತಲಿಯೊಳಗ ಯಾರೋ ಕಸಾ ಹೊಡದು ಸಾರಿಸಿಧಂಗ ಆತು ನೋಡು. ಎಷ್ಟ ಚಂದ! ಆಮ್ಯಾಲ ಆ ಕಸಾ ಹೊಡಿಯಾಕಿ ಹೊರಗ ಹೋಗಲೇ ಇಲ್ಲ. ಬ್ಯಾಡಂದ್ರೂ ಹೊಡದಕೋತ ಕುಂತಳು."

ಆ ವರ್ಷ ಪಾಸಾದರು. ಹುಕ್ಕೇರಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ನೌಕರಿ ಸಿಕ್ಕಿತು. ಯುದ್ಧದ ಕಾಲವೆಲ್ಲ ಅಲ್ಲೇ ಇದ್ದರು. ಒಂದು ಸಲ ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ ಅವರ ವರ್ಗದ ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಒಬ್ಬ ಹುಡುಗಿ ನಿದ್ದೆ ಮಾಡುತ್ತಿದ್ದಳು. ಅದೇ ದಿನ ತಪಾಸಣೆಗೆ ಬಂದ ಸಾಹೇಬರು ಹುಬ್ಬೇರಿಸಿದರು.

"ಏನ್ರಿ ಬಾಯಾರ, ಇದು ಸಾಲಿಯೋ ಧರ್ಮಶಾಲಿಯೋ?"

"ಆಕಿ ನಸುಕಿನ್ಯಾಗ ಎದ್ದು ಬೀಸಿ, ನೀರ ತುಂಬಿ ಬಂದಾಳ್ರಿ. ಒಂದ್ ತಾಸ ಮಲಗ್ತಾಳ. ಎದ್ದ ಮ್ಯಾಲ ನೀವು ಬೇಕಾದ್ದ ಕೇಳ್ರಿ."

ಸಾಹೇಬರು ಕಾದರು. ಹುಡುಗಿ ಎದ್ದಳು, ಕೇಳಿದ್ದರಲ್ಲಿ ಕೆಲವನ್ನು ಹೇಳಿದಳು, ಕೆಲವನ್ನು ಹೇಳಲಿಲ್ಲ. ಅವರು ತಪಾಸಣೆಯ ವಹಿಗೆ ಸಹಿ ಹಾಕಿ ಹೋದರು. ಗೋಣಿತಟ್ಟು ಅಲ್ಲೇ ಉಳಿಯಿತು.

ಹೋದ ಮಳೆಗಾಲದಲ್ಲಿ ಅಕ್ಕನಿಗೆ ಎದೆಯ ಬೇನೆ ಬಂತು. ಮೂಡಲಗಿಗೆ ಕರೆತಂದೆವು. ಅತ್ತೆ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಡಾಕ್ಟರು ಬಂದು ನೋಡಿ ಗುಳಿಗೆ ಕೊಟ್ಟು, ಹೊರಗೆ ನಿಂತು ನನ್ನ ಗಂಡನಿಗೆ ಮೆಲ್ಲಗೆ ಏನೋ ಹೇಳಿ ಹೋದರು. ಅಕ್ಕನಿಗೆ ಕೈ ಎತ್ತುವ ಶಕ್ತಿ ಇರಲಿಲ್ಲ. ನಾನು ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು, ಗುಳಿಗೆ ತೆಗೆದುಕೊಂಡೆ. ಅವರು ನನ್ನ ಕೈಯನ್ನೇ ನೋಡಿದರು.

"ಯಾರಿಗೆ ಬರದದ್ದ ಇದು?"

"ನಿಮಗ ರೀ ಅಕ್ಕಾರ. ನಿಮಗ ಬರದಾರ."

"ಖರೇನ?"

"ಖರೇನ ರೀ."

ಸ್ವಲ್ಪ ನಕ್ಕರು. "ಹಂಗಾದ್ರ ತೋರಿಸು" ಎಂದರು. ತೋರಿಸಿದೆ. ಬಾಯಿ ತೆರೆದರು.